ಮೂರನೇ ಸಾಲಿನಲ್ಲಿ ಬಿಟ್ಟ ಜಾಗ

ಅದು ಶುರುವಾದದ್ದು ಅಕ್ಟೋಬರಿನಲ್ಲಿ, ಸೇಬು ಕುದಿಸುವ ಕಾಲದಲ್ಲಿ, ಬೆಳಗಿನ ಎಂಟು ಗಂಟೆಗೆ. ಸಾವಿರದ ಒಂಬೈನೂರ ಅರವತ್ತೆರಡನೇ ಇಸವಿ. ಅಂಗಳದಲ್ಲಿ ತಾಮ್ರದ ಹಂಡೆ ಬೆಂಕಿಯ ಮೇಲೇರಿತ್ತು. ಸೇಬಿನ ರಸ ಗಟ್ಟಿಯಾಗುವವರೆಗೆ ಯಾರಾದರೊಬ್ಬರು ಕದಡುತ್ತಲೇ ಇರಬೇಕು, ಕೈ ನಿಂತರೆ ತಳ ಹಿಡಿಯುತ್ತದೆ. ನನ್ನ ಹೆಂಡತಿ ಆಲ್ವರ್ಟಾ ಉದ್ದ ಹಿಡಿಯ ಮರದ ಹುಟ್ಟು ತಿರುಗಿಸುತ್ತಿದ್ದಳು. ಹಿಂದಿನ ವರ್ಷದವರೆಗೂ ನಿಂತೇ ತಿರುಗಿಸಿದವಳು, ಆ ವರ್ಷ ಕುರ್ಚಿ ಹಾಕಿಸಿಕೊಂಡಿದ್ದಳು.

"ಡಾಕ್ಟರು ಹೇಳಿದ್ದು ನಿನಗೂ ಕೇಳಿಸ್ತಲ್ಲ ಆಮನ್?" ಎಂದಳು.

"ಕೇಳಿಸ್ತು."

"ಈಸ್ಟರ್ ಕಾಣೋದು ಕಷ್ಟ ಅಂದ್ರು. ನನ್ನನ್ನ ಎಡ್ನಾ ಪಕ್ಕ ಹಾಕು. ಬೇರೇನೂ ಬೇಡ."

ನಾನು ಸೌದೆ ಮುಂದೆ ತಳ್ಳಿದೆ. ಹೊಗೆ ಅವಳ ಕಡೆ ಹೋಯಿತು. ಅವಳು ಮುಖ ತಿರುಗಿಸಲಿಲ್ಲ.

ಎಡ್ನಾ ನಮ್ಮ ಮಗಳು. ಹತ್ತೊಂಬತ್ತು ದಿನ ಇದ್ದಳು, ಇಪ್ಪತ್ತಾರನೇ ಇಸವಿಯಲ್ಲಿ. ಅವಳ ಗುಂಡಿ ತೋಡಿದ್ದು ನಾನೇ. ನಮ್ಮ ಕಣಿವೆಯ ಕಲ್ಲು ಚರ್ಚಿನ ಗುಂಡಿ ತೋಡುವುದು, ಗಂಟೆ ಹೊಡೆಯುವುದು, ಹುಲ್ಲು ಕೊಯ್ಯುವುದು ಆಗಲೂ ನನ್ನದೇ ಕೆಲಸ. ಎಡ್ನಾಳ ನಂತರ ನಮಗೆ ಮಕ್ಕಳಾಗಲಿಲ್ಲ.

ಅವಳನ್ನು ಹೂತದ್ದು ಚರ್ಚಿಗೆ ಅಂಟಿದ ಹಳೆಯ ಸಮಾಧಿ ಹಿತ್ತಿಲಲ್ಲಿ, ಆಲ್ವರ್ಟಾಳ ತವರಿನವರಾದ ರೀಗಲ್ ಮನೆತನದ ಸಾಲಿನಲ್ಲಿ. ಆಗ ಯಾರೂ ಏನೂ ಕೇಳಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಿತ್ತಿಲಲ್ಲಿ ಜಾಗ ಕಡಿಮೆಯಾಗಿ, ಹಿರಿಯರ ಸಭೆ ಒಂದು ನಿಯಮ ಮಾಡಿತು. ಜರ್ಮನ್ ನಾಡಿನಿಂದ ಹಡಗೇರಿ ಬಂದು ಚರ್ಚು ಕಟ್ಟಿದ ಹನ್ನೊಂದು ಮನೆತನಗಳಲ್ಲಿ ಹುಟ್ಟಿದವರಿಗೆ ಮಾತ್ರ ಹಳೆಯ ಹಿತ್ತಿಲು. ಮದುವೆಯಾಗಿ ಸೇರಿದವರಿಗೂ ಮಿಕ್ಕವರಿಗೂ ರಸ್ತೆಯಾಚೆಯ ಹೊಸ ನೆಲ. ಹುಟ್ಟಿದ್ದಕ್ಕೆ ಬರವಣಿಗೆಯ ದಾಖಲೆ ಬೇಕು. ನಮ್ಮಪ್ಪ ಬೇರೆ ಕಣಿವೆಯಿಂದ ಬಂದವನು. ನನಗೆ ರಸ್ತೆಯಾಚೆ ಎನ್ನುವುದು ಮೊದಲೇ ಗೊತ್ತಿದ್ದ ಮಾತು. ಅದರ ಬಗ್ಗೆ ನಾವಿಬ್ಬರೂ ಏನೂ ಆಡಿಕೊಳ್ಳಲಿಲ್ಲ.

ಸಭೆಯ ಮುಖ್ಯಸ್ಥ ಕ್ಲೇಟನ್ ಬಾಟ್‌ಡಾರ್ಫ್. ನನ್ನ ಜೊತೆ ಶಾಲೆಗೆ ಹೋದವನು. ನಾನು ನಾಲ್ಕು ಚಳಿಗಾಲ ಹೋಗಿ ಬಿಟ್ಟೆ, ಅವನು ಮುಂದೆ ಓದಿದ. ಅವನ ಕೊಟ್ಟಿಗೆಗೇ ಹೋಗಿ ಕೇಳಿದೆ.

"ದಾಖಲೆ ತಾ, ಆಮನ್," ಎಂದ.

"ಅವಳಪ್ಪ ಅಲ್ಲೇ ಮಲಗಿಲ್ವೇನೋ? ಅಜ್ಜ? ಮುತ್ತಜ್ಜ?"

"ಮಲಗಿದಾರೆ. ಆದ್ರೆ ನೀನು ಯಾರಿಗೆ ಬೇಕಾದ್ರೂ ಗುಂಡಿ ತೋಡಿರ್ತೀಯ, ನನಗೇನು ಗೊತ್ತು? ಚರ್ಚು ಕಟ್ಟಿದ ಆಡಮ್ ರೀಗಲ್‌ನಿಂದ ಆಲ್ವರ್ಟಾವರೆಗೆ ಒಂದೊಂದು ತಲೆಗೂ ಕಾಗದ ತೋರಿಸು. ಹೋದ ವರ್ಷ ನನ್ನ ತಮ್ಮನ ಹೆಂಡ್ತಿಗೇ ಇಲ್ಲ ಅಂದೆ. ಆರು ತಿಂಗಳು ನನ್ನ ತಮ್ಮ ನನ್ನ ಹತ್ರ ಮಾತಾಡ್ಲಿಲ್ಲ."

"ಅದು ನಿನಗೆ ನೆಮ್ಮದಿಯೇ ಆಯ್ತೇನೋ."

"ಆಯ್ತು ಮಾರಾಯ," ಎಂದು ಹಸುವಿನ ಕೆಚ್ಚಲು ಒರೆಸಿದ. "ಆದ್ರೂ ಕಾಗದ ಬೇಕು."

ಕಾಗದ ಇತ್ತು. ರೀಗಲ್ ಮನೆಯ ನೀಲಿ ಸಂದೂಕದ ಮುಚ್ಚಳದ ಒಳಗೆ ಅಂಟಿಸಿತ್ತು. ನಮ್ಮಲ್ಲಿ ಮಗುವಿಗೆ ದೀಕ್ಷಾಸ್ನಾನ ಆದಾಗ ಕಾಗದ ಬರೆಸುತ್ತಿದ್ದರು. ಅಪ್ಪ ಅಮ್ಮನ ಹೆಸರು, ಸಾಕ್ಷಿ ನಿಂತವರ ಹೆಸರು, ಸುತ್ತ ಕೆಂಪು ಹಳದಿ ಹೂವು, ಎರಡು ಹಕ್ಕಿ. ಮನುಷ್ಯ ಸತ್ತಾಗ ಅವನ ಕಾಗದವನ್ನು ಶವಪೆಟ್ಟಿಗೆಯಲ್ಲಿ ಅವನ ಕೈಯ ಕೆಳಗೆ ಇಟ್ಟು ಕಳಿಸುವುದು ವಾಡಿಕೆ. ರೀಗಲ್‌ಗಳು ಮಾತ್ರ ಹಾಗೆ ಕಳಿಸಿರಲಿಲ್ಲ, ನಾಲ್ಕು ಕಾಗದಗಳನ್ನು ಒಂದರ ಮೇಲೊಂದು ಅಂಟಿಸುತ್ತಾ ಬಂದಿದ್ದರು. ಮೂವತ್ತೊಂದನೇ ಇಸವಿಯಲ್ಲಿ ಮಾವ ತೀರಿಕೊಂಡಾಗ, ತನ್ನ ಕಾಗದ ತನ್ನ ಜೊತೆ ಬರಲಿ ಎಂದು ಹೇಳಿ ಹೋಗಿದ್ದ. ಬಿಡಿಸಲು ನೋಡಿದೆ. ಬರಲಿಲ್ಲ. ಹಳೆಯ ಹಿಟ್ಟಿನ ಅಂಟು, ಕಲ್ಲಿನಂತಾಗಿತ್ತು. ಚಾಕು ಹಾಕಿ ನಾಲ್ಕನ್ನೂ ಒಟ್ಟಿಗೆ ಎಬ್ಬಿಸಿ ಮಾವನ ಕೈಯ ಕೆಳಗೆ ಇಟ್ಟೆ. ಅವುಗಳಲ್ಲಿ ಏನು ಬರೆದಿತ್ತೆಂದು ನನಗೆ ಗೊತ್ತಿಲ್ಲ. ಹಕ್ಕಿಗಳು ನೆನಪಿವೆ.

ಇದನ್ನು ನವೋಮಿ ಉಂಬರ್ಗರ್‌ಗೆ ಹೇಳಿದೆ. ನವೋಮಿ ನಿವೃತ್ತ ಟೀಚರು, ಮದುವೆಯಾಗಿರಲಿಲ್ಲ. ಹಳೆಯ ಜರ್ಮನ್ ಕೈಬರಹ ಓದುವವಳು ಕಣಿವೆಯಲ್ಲಿ ಅವಳೊಬ್ಬಳೇ.

"ನಾಲ್ಕೂನಾ ಆಮನ್?"

"ನಾಲ್ಕೂ."

"ಅಯ್ಯೋ ನಿನ್ನ! ಇಡೀ ವಂಶಾನೇ ಹೂತಿಟ್ಟು ಬಂದ್ಯಲ್ಲಯ್ಯ," ಎಂದು ನಕ್ಕಳು. ನಾನು ನಗಲಿಲ್ಲ. ಆಮೇಲೆ ಅವಳೂ ನಿಲ್ಲಿಸಿದಳು. "ಆಗ್ಲಿ, ಚರ್ಚಿನ ಪುಸ್ತಕ ಇದೆ. ಒಲೆ ಹಚ್ಚು, ಬರ್ತೀನಿ."

ನವೆಂಬರ್ ಪೂರ್ತಿ ಅವಳು ಚರ್ಚಿನ ಹಿಂದಿನ ಕೋಣೆಯಲ್ಲಿ ಕೂತಳು. ನಾನು ಒಲೆ ಹಚ್ಚಿ ಪಕ್ಕದಲ್ಲಿ ಕೂರುತ್ತಿದ್ದೆ. ಅವಳು ಬೆರಳಿಟ್ಟು ಓದುತ್ತಾ ಹೋದಳು. ಆಲ್ವರ್ಟಾ, ಅವಳಪ್ಪ, ಅವನಪ್ಪ. ಎಲ್ಲರೂ ಸಿಕ್ಕರು. ಒಂದೊಂದೇ ಮೆಟ್ಟಿಲಿಳಿದು ಹೈನ್ರಿಕ್ ರೀಗಲ್ ಎಂಬವನವರೆಗೆ ಬಂದಳು. ಇನ್ನೊಂದು ತುದಿಯಿಂದ, ಫಿಲಡೆಲ್ಫಿಯಾ ಬಂದರಿನ ಹಡಗಿನ ಪಟ್ಟಿಯ ನಕಲು ತರಿಸಿ ಆಡಮ್ ರೀಗಲ್‌ನನ್ನು ಹಿಡಿದಳು. ಸಾವಿರದ ಏಳುನೂರ ನಲವತ್ತೊಂಬತ್ತು, ಸೆಪ್ಟೆಂಬರ್. ಅವನಿಗೆ ಬರೆಯಲು ಬರುತ್ತಿರಲಿಲ್ಲ, ಅಡ್ಡಗೀಟು ಹಾಕಿದ್ದ. ಹೆಂಡತಿ ಬಾರ್ಬರಾಳ ಹೆಸರಿರಲಿಲ್ಲ. ಆ ಪಟ್ಟಿಗಳಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಬರೆಯುತ್ತಿರಲಿಲ್ಲವಂತೆ.

"ಆಡಮ್ ಬಾರ್ಬರಾಗೆ ಮಗ ಹುಟ್ಟಿದ್ದು ಸಾವಿರದ ಏಳುನೂರ ಐವತ್ತರಲ್ಲಿ. ಹೆಸರು ಹೈನ್ರಿಕ್," ಎಂದಳು ಒಂದು ದಿನ. ಪುಟ ತಿರುವಿದಳು. ಬೆರಳು ನಿಂತಿತು.

"ಏನು?"

"ಐವತ್ನಾಲ್ಕರ ಆಗಸ್ಟಿನಲ್ಲಿ ಸತ್ತಿದಾನೆ. ನಾಲ್ಕು ವರ್ಷ. ಮೂರನೇ ಸಾಲು, ಮೊದಲ ಜಾಗ ಅಂತ ಬರೆದಿದೆ."

ಒಲೆಯಲ್ಲಿ ಸೌದೆ ಕುಸಿಯಿತು. ನಾನು ಎದ್ದು ಇನ್ನೊಂದು ಹಾಕಿದೆ.

"ಆಗೆಲ್ಲ ಸತ್ತ ಮಗುವಿನ ಹೆಸರನ್ನೇ ಮುಂದಿನದಕ್ಕೆ ಇಡ್ತಿದ್ರು," ಎಂದೆ. "ನಮ್ಮಜ್ಜಿಗೆ ಇಬ್ಬರು ಅಕ್ಕಂದಿರು, ಮೂವರಿಗೂ ಒಂದೇ ಹೆಸರು. ಉಳಿದಿದ್ದು ಅಜ್ಜಿ ಒಬ್ಬಳೇ."

"ನನಗೂ ಅದೇ ಅನಿಸ್ತು. ಹಾಗಿದ್ರೆ ಎರಡನೇ ಹೈನ್ರಿಕ್‌ನ ದೀಕ್ಷಾಸ್ನಾನ ಎಲ್ಲಾದ್ರೂ ಇರ್ಬೇಕು."

ಇರಲಿಲ್ಲ. ಮುಂದಿನ ಇಪ್ಪತ್ತು ವರ್ಷ ನೋಡಿದಳು, ಅಕ್ಕಪಕ್ಕದ ಚರ್ಚುಗಳಲ್ಲಿ ನೋಡಿದಳು. ಬಾರ್ಬರಾ ಮತ್ತೆ ಹೆತ್ತ ಗುರುತೇ ಇಲ್ಲ. ಆದರೆ ಎಪ್ಪತ್ತೆರಡರಲ್ಲಿ ಹೈನ್ರಿಕ್ ರೀಗಲ್ ಮದುವೆಯಾಗಿದ್ದಾನೆ, ಮಕ್ಕಳಾಗಿವೆ, ಆ ಮಕ್ಕಳಿಂದಲೇ ಆಲ್ವರ್ಟಾ.

ಕ್ಲೇಟನ್‌ಗೆ ಸುದ್ದಿ ಮುಟ್ಟಿತು. ಗಿರಣಿಯ ಎದುರು ಸಿಕ್ಕಾಗ, "ನಾಲ್ಕು ವರ್ಷಕ್ಕೆ ಸತ್ತವನಿಗೆ ಏಳು ಮಕ್ಕಳಂತೆ! ನಿಮ್ಮ ರೀಗಲ್‌ಗಳು ಭಾರೀ ಗಟ್ಟಿಗರು ಕಣಯ್ಯ," ಎಂದ. ನನ್ನ ಮುಖ ನೋಡಿ, "ಆಲ್ವರ್ಟಾ ಹೇಗಿದಾಳೆ?" ಎಂದು ಕೇಳಿದ.

"ಇದಾಳೆ."

ಕ್ರಿಸ್‌ಮಸ್ ಹೊತ್ತಿಗೆ ಅವಳು ಮಂಚ ಹಿಡಿದಳು. ಮಂಚವನ್ನು ಅಡುಗೆಮನೆಗೆ, ಒಲೆಯ ಹತ್ತಿರ ತಂದೆ. ದಿನಾ ಸಂಜೆ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ನವೋಮಿಗೆ ಸಿಕ್ತಾ?" ಇಲ್ಲ ಎನ್ನುತ್ತಿದ್ದೆ. "ಸರಿ," ಎನ್ನುತ್ತಿದ್ದಳು. ಅವಳು ಅಳುವುದನ್ನು ನಾನು ಕಾಣಲಿಲ್ಲ. ನಾನೂ ಅಳಲಿಲ್ಲ. ಬೆಳಿಗ್ಗೆ ಏಳುತ್ತಿದ್ದೆ, ಕೋಳಿಗಳಿಗೆ ಹಾಕುತ್ತಿದ್ದೆ, ಬೂದಿ ತೆಗೆಯುತ್ತಿದ್ದೆ. ಬೂದಿ ಬಕೆಟ್ಟನ್ನು ಹೊರಗಿಟ್ಟು ಅಲ್ಲೇ ನಿಂತುಬಿಡುತ್ತಿದ್ದೆ. ಕೈ ಮರಗಟ್ಟಿದ ಮೇಲೆ ಒಳಗೆ ಬರುತ್ತಿದ್ದೆ.

ಜನವರಿ ಕೊನೆಯಲ್ಲಿ ನವೋಮಿ ಲ್ಯಾಂಕಾಸ್ಟರಿಗೆ ಬಸ್ಸು ಹಿಡಿದು ಹೋದಳು. ಆ ಕಾಲದಲ್ಲಿ ಕುದುರೆಯ ಮೇಲೆ ಊರೂರು ತಿರುಗುತ್ತಿದ್ದ ಒಬ್ಬ ಪಾದ್ರಿ ತನ್ನದೇ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡಿದ್ದನಂತೆ. ಅದು ಅಲ್ಲಿ ಉಳಿದಿತ್ತು. ಮೂರು ದಿನ ಬಿಟ್ಟು ಬಂದವಳು ನೇರ ನಮ್ಮ ಅಡುಗೆಮನೆಗೆ ಬಂದು, ಕೋಟು ಕೂಡ ಬಿಚ್ಚದೆ ಕೂತಳು.

"ಸಿಕ್ತು," ಎಂದಳು. "ಆದ್ರೆ ಆಲ್ವರ್ಟಾ, ಕೇಳಿದ್ರೆ ನಿಂಗೆ ಹಿತ ಆಗಲ್ಲ."

"ಹಿತ ಆಗದಿದ್ರೂ ಸರಿ, ಓದೇ," ಎಂದಳು ಆಲ್ವರ್ಟಾ.

ಅದು ಚರ್ಚಿನಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚುವ ಪ್ರಭುಭೋಜನಕ್ಕೆ ಮೊದಲ ಸಲ ಸೇರಿಸಿಕೊಂಡ ಮಕ್ಕಳ ಪಟ್ಟಿ, ಸಾವಿರದ ಏಳುನೂರ ಅರವತ್ತೈದನೇ ಇಸವಿಯದು. ನವೋಮಿ ತನ್ನ ಕೈಯಲ್ಲೇ ನಕಲು ಮಾಡಿದ್ದಳು. ಹೈನ್ರಿಕ್, ರೀಗಲ್ ಎಂದು ಕರೆಯಲ್ಪಡುವವನು, ಸುಮಾರು ಹದಿನೈದು ವರ್ಷ. ತಂದೆತಾಯಿ ಇಬ್ಬರೂ ಸಮುದ್ರದಲ್ಲಿ ತೀರಿಕೊಂಡವರು. ಐವತ್ನಾಲ್ಕರ ಶರತ್ಕಾಲದಲ್ಲಿ ಆಡಮ್ ರೀಗಲ್ ಹಿಟ್ಟು ಮಾರಲು ಫಿಲಡೆಲ್ಫಿಯಾಕ್ಕೆ ಹೋದಾಗ, ಬಂದರಿನ ಕಟ್ಟೆಯ ಮೇಲೆ ಈ ಮಗುವನ್ನು ಕಂಡು ಮನೆಗೆ ಕರೆತಂದನು. ಮಗು ತನ್ನ ಹೆಸರು ಹೇಳಲಿಲ್ಲ. ಆಡಮನ ಹೆಂಡತಿ ಸತ್ತ ಮಗನ ಹೆಸರಿನಿಂದಲೇ ಕರೆದಳು.

ಕೆಟಲಿನ ನೀರು ಸದ್ದು ಮಾಡುತ್ತಿತ್ತು.

"ಹಾಗಾದ್ರೆ ನಾವು ರೀಗಲ್‌ಗಳಲ್ಲ," ಎಂದಳು ಆಲ್ವರ್ಟಾ.

"ರಕ್ತ ನೋಡಿದ್ರೆ ಅಲ್ಲ."

"ಮತ್ತೆ ಯಾರು?"

"ಗೊತ್ತಿಲ್ಲ ಕಣೆ. ಗೊತ್ತಾಗೋ ದಾರೀನೂ ಇಲ್ಲ."

ಆಲ್ವರ್ಟಾ ಹೊದಿಕೆಯ ಅಂಚನ್ನು ಬೆರಳಲ್ಲಿ ಸುತ್ತಿದಳು, ಬಿಚ್ಚಿದಳು. "ಆಗಸ್ಟಿನಲ್ಲಿ ಮಗ ಸತ್ತ, ಮರ ಎಲೆ ಉದುರಿಸೋ ಹೊತ್ತಿಗೆ ಇನ್ನೊಬ್ಬನ್ನ ತಂದ್ರು. ಅವನ ಅಂಗೀನೇ ಇವನಿಗೆ ಹಾಕಿರ್ತಾಳೆ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಎಡ್ನಾ ಅಂಗಿ ಎಲ್ಲಿದೆ ಆಮನ್?"

"ಮೇಲಿದೆ."

"ಇರಲಿ ಬಿಡು."

ನವೋಮಿ ನನ್ನನ್ನು ಬಾಗಿಲಾಚೆ ಕರೆದಳು. "ಈ ಹಾಳೆ ನಾನು ಕೊಡದಿದ್ರೆ ಕ್ಲೇಟನ್‌ಗೆ ಯಾವತ್ತೂ ಗೊತ್ತಾಗಲ್ಲ. ಎರಡನೇ ಮಗನ ದಾಖಲೆ ಕಳೆದಿರ್ಬೇಕು ಅಂತ ಹೇಳ್ತೀನಿ. ಏನಂತೀಯ?"

"ಅದಕ್ಕೆ ಅವನು ಒಪ್ತಾನಾ?"

"ಇಲ್ಲ."

"ಹಾಗಿದ್ರೆ ಇರೋದನ್ನೇ ಕೊಡು."

ಅವತ್ತು ಸಂಜೆ ಹಿಮ ಬೀಳತೊಡಗಿತು. ನಾನು ಚರ್ಚಿನ ದಾರಿ ಗುಡಿಸಲು ಹೋದವನು ಹಳೆಯ ಹಿತ್ತಿಲಿಗೆ ಹೋದೆ. ಮೂರನೇ ಸಾಲಿನಲ್ಲಿ ನಲವತ್ತು ವರ್ಷ ಹುಲ್ಲು ಕೊಯ್ದಿದ್ದೇನೆ. ಆದರೆ ಕಲ್ಲುಗಳ ಸುತ್ತ ಕುಡುಗೋಲು ತಿರುಗಿಸುವವನು ಕಲ್ಲಿನ ಬುಡ ನೋಡುತ್ತಾನೆ, ಮೇಲಿನದನ್ನಲ್ಲ. ಅವತ್ತು ಮೇಲಿನದನ್ನೂ ನೋಡಿದೆ. ಆ ಹಳೆಯ ಜರ್ಮನ್ ಅಕ್ಷರ ಬರದಿದ್ದರೂ ಅಂಕಿ ಬರುತ್ತದೆ.

ಫೆಬ್ರವರಿಯ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆ ಕೂತಿತು. ಐದು ಜನ. ನವೋಮಿ ಹಾಳೆ ಓದಿದಳು. ಕ್ಲೇಟನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ನನಗೂ ಬೇಜಾರೇ," ಎಂದ. "ಆದ್ರೆ ಇದರಲ್ಲೇ ಬರೆದಿದೆಯಲ್ಲ. ಅವನು ಆಡಮ್‌ನ ಮಗ ಅಲ್ಲ."

"ಹೊರಗೆ ಬನ್ನಿ," ಎಂದೆ.

"ಏನಯ್ಯ, ಈ ಚಳೀಲಿ?"

"ಕೋಟು ಹಾಕ್ಕೊಂಡು ಬನ್ನಿ."

ಬಂದರು. ಮೂರನೇ ಸಾಲಿನ ಕಲ್ಲುಗಳ ಮೇಲಿನ ಹಿಮವನ್ನು ಪೊರಕೆಯಲ್ಲಿ ತೆಗೆದೆ. ಮೊದಲ ಜಾಗದಲ್ಲಿ ಗೇಣುದ್ದದ ಕಾಡುಗಲ್ಲು, ಅಕ್ಷರವಿಲ್ಲ. ಅದು ನಾಲ್ಕು ವರ್ಷದ ಮಗು. ಅದರ ಪಕ್ಕ ಬಾರ್ಬರಾ, ಸಾವಿರದ ಏಳುನೂರ ಎಂಬತ್ತೊಂದನೇ ಇಸವಿ. ನಾಲ್ಕನೆಯದು ಆಡಮ್, ತೊಂಬತ್ತನೇ ಇಸವಿ. ಅವರಿಬ್ಬರ ನಡುವೆ ಹೈನ್ರಿಕ್, ಸಾವಿರದ ಎಂಟುನೂರ ಇಪ್ಪತ್ತೊಂದು.

"ನಾನು ಗುಂಡಿ ತೋಡೋನು," ಎಂದೆ. "ಹೆಂಡತಿ ಪಕ್ಕ ಗಂಡನ್ನ ಹಾಕೋದು ಪದ್ಧತಿ. ಆಡಮ್ ಹೆಂಡತಿ ಪಕ್ಕ ಮಲಗಲಿಲ್ಲ, ಒಂದು ಜಾಗ ಬಿಟ್ಟು ಆಚೆ ಮಲಗಿದ. ಆ ಜಾಗ ಮೂವತ್ತೊಂದು ವರ್ಷ ಖಾಲಿ ಇತ್ತು. ಯಾರೂ ಅಲ್ಲಿ ತೋಡಲಿಲ್ಲ. ಅದು ಮರೆತು ಬಿಟ್ಟ ಜಾಗ ಅಲ್ಲ. ಹೈನ್ರಿಕ್‌ಗೆ ಅಂತಲೇ ಹೇಳಿ ಬಿಡಿಸಿದ್ದು."

ಅಷ್ಟೇ ಹೇಳಿದೆ. ಅಷ್ಟು ಮಾತನ್ನು ನಾನು ಒಟ್ಟಿಗೆ ಆಡಿದವನಲ್ಲ. ಗಾಳಿ ಬೀಸುತ್ತಿತ್ತು. ಒಬ್ಬ ಸೀನಿದ. ಕ್ಲೇಟನ್ ಟೋಪಿ ತೆಗೆದು ಇಸವಿಗಳನ್ನು ಬಗ್ಗಿ ಓದಿದ, ಮತ್ತೊಮ್ಮೆ ಓದಿದ.

"ಹೆಂಡ್ತಿ ಪಕ್ಕದ ಜಾಗ ಬಿಟ್ಟುಕೊಟ್ಟನಾ?" ಎಂದ, ಯಾರಿಗೂ ಅಲ್ಲ.

ಒಳಗೆ ಹೋಗಿ ಕೈ ಎತ್ತಿದರು. ಮೂರು ಕೈ ಆಲ್ವರ್ಟಾ ಪರ. ಮೂರನೆಯದು ಕ್ಲೇಟನ್‌ನದು, ಕೊನೆಗೆ ಎದ್ದಿತು. "ನನ್ನ ತಮ್ಮನಿಗೆ ಯಾರು ಉತ್ತರ ಹೇಳೋದು?" ಎಂದು ಗೊಣಗಿದ.

ಮನೆಗೆ ಹೋಗಿ ಹೇಳಿದೆ. ಆಲ್ವರ್ಟಾ ಕಣ್ಣು ತೆರೆದಳು. "ನೀನು ರಸ್ತೆಯಾಚೆ," ಎಂದಳು.

"ಹೂಂ."

"ದೂರವೇನಲ್ಲ."

"ದೂರವಲ್ಲ."

ಅವಳು ತೀರಿಕೊಂಡದ್ದು ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಶುರುವಾಗುವ ಹಿಂದಿನ ಮಂಗಳವಾರ, ಎಲ್ಲರ ಮನೆಯಲ್ಲೂ ಕೊಬ್ಬಿನಲ್ಲಿ ಕಜ್ಜಾಯ ಕರಿಯುವ ದಿನ, ಮಧ್ಯಾಹ್ನ. ಪಕ್ಕದ ಮನೆಯವರು ಕೊಟ್ಟ ಆರು ಕಜ್ಜಾಯ ತಟ್ಟೆಯಲ್ಲಿತ್ತು. ಅವಳ ಕೈ ಬಿಟ್ಟ ಮೇಲೆ ನಾನು ಒಂದು ತಿಂದೆ. ಯಾಕೆ ತಿಂದೆನೋ. ರುಚಿ ತಿಳಿಯಲಿಲ್ಲ.

ನೆಲ ಹೆಪ್ಪುಗಟ್ಟಿತ್ತು. ಎಡ್ನಾಳ ಪಕ್ಕ ಎರಡು ದಿನ ಕಲ್ಲಿದ್ದಲು ಉರಿಸಿ ಮೆತ್ತಗಾದ ಮೇಲೆ ತೋಡಿದೆ. ಕ್ಲೇಟನ್ ತನ್ನ ಗುದ್ದಲಿ ಹಿಡಿದು ಬಂದ. ಬೇಡವೆಂದೆ. ಅವನು ಹೋಗದೆ ಬೇಲಿಗೆ ಒರಗಿ ಕೊನೆಯವರೆಗೂ ನಿಂತಿದ್ದ.

ಪೆಟ್ಟಿಗೆ ಮುಚ್ಚುವ ಮೊದಲು, ಸಭೆ ನನಗೆ ಹಿಂದಿರುಗಿಸಿದ ನವೋಮಿಯ ಹಾಳೆಯನ್ನು ಮಡಿಸಿ ಆಲ್ವರ್ಟಾಳ ಕೈಯ ಕೆಳಗೆ ಇಟ್ಟೆ. ನವೋಮಿ ನೋಡಿದಳು.

"ಮತ್ತೆ ಅದೇ ಮಾಡ್ತಿದ್ದೀಯಲ್ಲ ಆಮನ್," ಎಂದಳು ಮೆಲ್ಲಗೆ. "ನನ್ನ ಹತ್ರ ಇನ್ನೊಂದು ನಕಲಿಲ್ಲ."

"ಅವಳ ಕಾಗದ ಅದು," ಎಂದೆ.

ಅವಳು ಕೈ ಚಾಚಲಿಲ್ಲ. ಬಡಗಿ ಮುಚ್ಚಳ ಹಾಕಿದ.

ಹೂತಾದ ಮೇಲೆ ಜನ ನಮ್ಮ ಮನೆಗೆ ಬಂದು ಒಣದ್ರಾಕ್ಷಿಯ ಕಡುಬು ತಿಂದರು, ಕಾಫಿ ಕುಡಿದರು, ಹಿಮದ ಬಗ್ಗೆ ಮಾತಾಡಿದರು. ಒಬ್ಬೊಬ್ಬರಾಗಿ ಹೊರಟರು. ನವೋಮಿ ತಟ್ಟೆಗಳನ್ನು ತೊಳೆದಿಟ್ಟು, ಕೋಟು ಹಾಕಿಕೊಂಡು, ಒಲೆಗೆ ಸೌದೆ ಇದೆಯೇ ಎಂದು ಕೇಳಿದಳು. ಇದೆ ಎಂದೆ. ಕೊನೆಗೆ ಹೋದವಳು ಅವಳೇ. ಅಂದು ಶುಕ್ರವಾರ, ಮಾರ್ಚ್ ಒಂದು.