ಮಾರಮ್ಮನ ಹಿತ್ತಾಳೆ ಮುದ್ದೆಕೋಲು

ಗುಡಿಬಂಡೆ ಕಡೆಯ ಚಿಕ್ಕತಿಮ್ಮಯ್ಯನಿಗೆ ಇನ್ನೇನೂ ಬೇಕಿರಲಿಲ್ಲ. ಶೇಂಗಾ ಹೊಲವಿತ್ತು, ಹಿಪ್ಪುನೇರಳೆ ತೋಟವಿತ್ತು, ಮಾತು ಕೇಳುವ ಎತ್ತುಗಳಿದ್ದವು, ಮಾತು ಕೇಳದ ಹೆಂಡತಿ ತಿಪ್ಪಮ್ಮನಿದ್ದಳು. ಮಾರಮ್ಮನ ಗುಡಿಯ ಅನ್ನದಾನ ಸಮಿತಿಯ ಅಧ್ಯಕ್ಷಗಿರಿ ಒಂದು ಸಿಕ್ಕಿಬಿಟ್ಟರೆ ಜನ್ಮ ಸಾರ್ಥಕ. ಆದರೆ ಎದುರಾಳಿ ಪಂಚಾಕ್ಷರಯ್ಯ ಗುಡಿಗೆ ದೊಡ್ಡ ಸ್ಟೀಲ್ ಕೊಪ್ಪರಿಗೆ ಕೊಟ್ಟು, ಅದರ ಹೊಟ್ಟೆಯ ಮೇಲೆ ತನ್ನ ಹೆಸರು ಕೆತ್ತಿಸಿಬಿಟ್ಟಿದ್ದ. ಉಣ್ಣಲು ಬಂದವರೆಲ್ಲ ಮೊದಲು ಅದನ್ನೇ ಓದುತ್ತಿದ್ದರು. ಹೊಟ್ಟೆ ಉರಿಯದೆ ಇರುತ್ತದೆಯೇ ಸ್ವಾಮಿ?

ಚಿಕ್ಕತಿಮ್ಮಯ್ಯ ಸುಮ್ಮನಿರುತ್ತಾನೆಯೇ? ಆ ಕೊಪ್ಪರಿಗೆಯನ್ನು ಯಾರ್ಯಾರು ಮುಟ್ಟಿದ್ದರೋ ಏನೋ, ದೇವರ ಅಡುಗೆಮನೆಗೆ ಬರುವ ಲೋಹವೆಲ್ಲ ಬೆಂಕಿಯಲ್ಲಿ ಶುದ್ಧಿಯಾಗಲೇಬೇಕು ಎಂದು ಕಟ್ಟಳೆ ಮಾಡಿಸಿ, ಅದರ ಹೊಳಪನ್ನೆಲ್ಲ ಕಪ್ಪು ಮಾಡಿಸಿದ. ಆಮೇಲೆ ತಾನೊಂದು ಹಿತ್ತಾಳೆ ಮುದ್ದೆಕೋಲು ಕೊಡುವುದಾಗಿ ಸಾರಿದ. ಊರೆಲ್ಲ ಮರದ ಕೋಲಿನಲ್ಲೇ ಹಿಟ್ಟು ತೊಳಸುತ್ತದೆ, ನಿಜ. ಆದರೆ ಮರದ ಮೇಲೆ ಹೆಸರು ಮಿನುಗುವುದಿಲ್ಲವಲ್ಲ!

ಕೋಲು ಮಾಡಿಸಲು ರಾಯದುರ್ಗದ ಉಜ್ಜಿನಮ್ಮನ ಹತ್ತಿರ ಗಂಡ ಹೆಂಡತಿ ಇಬ್ಬರೂ ಹೋದರು. ಹಿತ್ತಾಳೆ ಕೆಲಸದಲ್ಲಿ ಅವಳು ಗಟ್ಟಿಗಿತ್ತಿ, ಬಾಯಲ್ಲಿ ಇನ್ನೂ ಗಟ್ಟಿಗಿತ್ತಿ. ತಾಮ್ರಕ್ಕೆ ಸತು ಬೆರೆಸಿ ಎರಕ ಹೊಯ್ದು, ಆರಿದ ಮೇಲೆ ಸುತ್ತಿಗೆಯಿಂದ ಬಡಿದೂ ಬಡಿದೂ ಕೋಲು ಮಾಡಿದಳು.

"ಎರಕದ್ದು ಹಂಗೇ ಬಿಟ್ರ ಮೆತ್ತಗಿರ್ತದ್ರಿ. ತಣ್ಣಗಿದ್ದಾಗ ಬಡಿದಷ್ಟೂ ಗಟ್ಟಿ ಆಗ್ತದ. ಆದ್ರ ಇದನ್ನ ಮತ್ತ ಕೆಂಪಗ ಕಾಸಬ್ಯಾಡ್ರಿ ಯಜಮಾನ್ರ, ತಿಂದ ಪೆಟ್ಟೆಲ್ಲಾ ಮರ್ತುಬಿಡ್ತದ. ಕೇಳಿಸ್ತೇನ್ರಿ?"

ಕೇಳಿಸಿತ್ತು. ಆದರೆ ಯಜಮಾನರ ಗಮನವೆಲ್ಲ ಕೋಲಿನ ನಡುವೆ ಕೆತ್ತಿದ್ದ ತಮ್ಮ ಹೆಸರಿನ ಮೇಲಿತ್ತು. ಅಕ್ಷರ ಇನ್ನೂ ಸ್ವಲ್ಪ ದಪ್ಪಗಿರಬೇಕಿತ್ತು ಎಂದು ಗೊಣಗಿಕೊಂಡೇ ಬಸ್ಸು ಹತ್ತಿದರು.

ಅಧ್ಯಕ್ಷರನ್ನು ಆರಿಸುವ ದಿನ ಗುಡಿ ಮುಂದೆ ಊಟ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಪಂಚಾಕ್ಷರಯ್ಯ ಕೋಲನ್ನು ಸವರಿ, "ಭೇಷ್ ಐತೆ ಕಣಯ್ಯಾ. ಬೆಂಕಿ ಶುದ್ಧಿ ಆಯ್ತಾ? ನೀನೇ ಮಾಡಿದ ಕಟ್ಟಳೆ ಅಲ್ವಾ?" ಎಂದ.

ತಿಪ್ಪಮ್ಮ ಓಡಿಬಂದಳು. "ಬ್ಯಾಡ ಕಣ್ರೀ! ಆಯಮ್ಮ ಅಷ್ಟೊಂದು ಬಡ್ಕೊಂಡೈತೆ, ಕಾಸಬ್ಯಾಡಿ ಅಂತ."

"ನಿಂಗೇನೇ ಗೊತ್ತು? ಕುಡುಗೋಲನ್ನ ಕೆಂಪಗೆ ಕಾಸಿ ನೀರಿಗದ್ದಿದ್ರೆ ಗಟ್ಟಿ ಆಗಲ್ವಾ? ಇದೂ ಹಂಗೇಯ."

ಕಬ್ಬಿಣದ ಬುದ್ಧಿ ಹಿತ್ತಾಳೆಗೆ ಬರುತ್ತದೆಯೇ? ಆದರೆ ಊರ ಮುಂದೆ ಹೆಂಡತಿ ಮಾತು ಕೇಳಿದರೆ ಅಧ್ಯಕ್ಷಗಿರಿಯ ಗತಿ ಏನು! ಕೋಲು ಕೆಂಡದಲ್ಲಿ ಕೆಂಪಗಾಯಿತು. ಅರಿಸಿನದ ನೀರಿಗೆ ಚುಂಯ್ ಎಂದು ಇಳಿಯಿತು. ಜನ ಚಪ್ಪಾಳೆ ತಟ್ಟಿದರು.

ಕೊಟ್ಟವನೇ ಮೊದಲ ಕೈ ಹಾಕಬೇಕು. ಚಿಕ್ಕತಿಮ್ಮಯ್ಯ ಪಂಚೆ ಎತ್ತಿ ಕಟ್ಟಿ, ರಾಗಿ ಹಿಟ್ಟು ಸುರಿದ ಕೊಪ್ಪರಿಗೆಗೆ ಕೋಲು ಊರಿ ಒತ್ತಿದ. ಹಿಟ್ಟು ಅಲುಗಾಡಲಿಲ್ಲ. ಮತ್ತೆ ಒತ್ತಿದ. ಕೋಲು ನಡುವಿನಲ್ಲಿ ಮೆಲ್ಲಗೆ ಬಗ್ಗಿತು. ಗಾಬರಿಯಿಂದ ಇನ್ನೊಮ್ಮೆ ಒತ್ತಿದ. ಮೇಲೆತ್ತಿದಾಗ ಅದು ಥೇಟ್ ಕುಡುಗೋಲಿನಂತಿತ್ತು.

ಎಲ್ಲೋ ಹಿಂದಿನಿಂದ ಕಿಸಕ್ಕೆಂದು ನಗು ಬಂತು. ಮಾನ ಹೋಗುವ ಹೊತ್ತಿನಲ್ಲಿ ಮನುಷ್ಯನಿಗೆ ಭಕ್ತಿ ಉಕ್ಕುತ್ತದೆ ನೋಡಿ. ಚಿಕ್ಕತಿಮ್ಮಯ್ಯ ಕೋಲನ್ನು ತಲೆಯ ಮೇಲೆತ್ತಿ ಕೂಗಿದ:

"ನಗಬ್ಯಾಡ್ರೋ! ಇದು ಮನುಷ್ಯರ ಕೆಲಸ ಅಲ್ಲ. ಸಾಕ್ಷಾತ್ ಮಾರಮ್ಮನೇ ಬಗ್ಗಿಸವ್ಳೆ!"

ನಗು ನಿಂತಿತು. ಹೆಂಗಸರು ಗಲ್ಲ ಗಲ್ಲ ಬಡಿದುಕೊಂಡರು. ಯಾರೋ ಕೋಲಿಗೆ ಕುಂಕುಮ ಹಚ್ಚಿದರು. ಗೆದ್ದೆ ಎಂದುಕೊಂಡ ಚಿಕ್ಕತಿಮ್ಮಯ್ಯ.

ಪಂಚಾಕ್ಷರಯ್ಯ ಎಲ್ಲರಿಗಿಂತ ಭಕ್ತಿಯಿಂದ ಕೈಮುಗಿದು, ಕೋಲಿನ ಹತ್ತಿರ ಬಂದು ಕಣ್ಣಾಡಿಸಿದ.

"ಹೌದು ಕಣ್ರಪ್ಪಾ, ಅಮ್ಮನದೇ ಕೆಲಸ. ಸರಿಯಾಗಿ ಚಿಕ್ಕತಿಮ್ಮಯ್ಯನ ಹೆಸರು ಇರೋ ಜಾಗದಲ್ಲೇ ಬಗ್ಗಿಸವ್ಳೆ. ಇವನು ಬ್ಯಾಡ ಅಂತ ಅಮ್ಮನೇ ಹೇಳಿದ ಮೇಲೆ ನಾವ್ಯಾರು ಬೇಕು ಅನ್ನೋಕೆ?"

ಅಲ್ಲ ಎನ್ನಲು ಚಿಕ್ಕತಿಮ್ಮಯ್ಯ ಬಾಯಿ ತೆರೆದ. ಅಲ್ಲ ಎಂದರೆ, ಹೆಂಡತಿ ಬೇಡವೆಂದರೂ ತಾನೇ ಕಾಸಿ ಕೆಡಿಸಿದೆ ಎನ್ನಬೇಕು. ಜನರೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು. ತೆರೆದ ಬಾಯಿ ಮುಚ್ಚಿ, ಎಲ್ಲರ ಜೊತೆ ತಾನೂ ಗಲ್ಲ ಬಡಿದುಕೊಂಡ.