ಗೋಡೆಯೊಳಗಿನ ಏಳು ಬಗೆ

ಸಾವಂತ್ರೆವ್ವ ಗುಡ್ಡದ ಬುಡದಿಂದ ಕೆಂಪು ಮಣ್ಣು ಹೊತ್ತು ತಂದು ಅಂಗಳದಲ್ಲಿ ಸುರಿದು, ಹೊಟ್ಟು ಬೆರೆಸಿ, ಸೀರೆ ಎತ್ತಿ ಕಟ್ಟಿ ತುಳಿಯಲು ಇಳಿದಿದ್ದಳು. ಅಷ್ಟರಲ್ಲಿ ರೋಹಿಣಿಯ ಸ್ಕೂಟಿ ಬಂದು ನಿಂತಿತು. ಜೂನ್ ತಿಂಗಳ ಮೊದಲ ವಾರ, ಬೆಳಗಿನ ಆರೂವರೆ.

"ಏನ್ ಮಾಡಾಕ ಹತ್ತೀರಿ ಆಯಿ?"

"ಗ್ವಾಡಿ ಮೆತ್ತತೀನವಾ. ಬೆರಳು ಹೋಗುವಷ್ಟು ಬಿರುಕು ಬಿಟ್ಟಾವ. ಮಳಿ ಹಿಡಿಯೂದ್ರಾಗ ಮುಗಸಬೇಕು."

ದನ ಕಟ್ಟುವ ಜಾಗಕ್ಕೂ ಮಲಗುವ ಕೋಣೆಗೂ ನಡುವೆ ಇದ್ದ ಆ ಮಣ್ಣಿನ ಗೋಡೆಗಾಗಿಯೇ ರೋಹಿಣಿ ಜನವರಿಯಿಂದ ಹದಿನೈದು ದಿನಕ್ಕೊಮ್ಮೆ ಬೆಟಗೇರಿಯಿಂದ ಈ ಡೋಣಿ ಎಂಬ ಹಳ್ಳಿಗೆ ಬರುತ್ತಿದ್ದಳು. ರೋಗ ಹರಡುವ ಮರಳು ನೊಣಗಳ ಸಮೀಕ್ಷೆ ಅವಳ ಕೆಲಸ. ಎಳ್ಳಿನ ಕಾಳಿಗಿಂತ ಸಣ್ಣ ಹುಳ, ಸದ್ದಿಲ್ಲ, ರೆಕ್ಕೆ ಮೇಲೆತ್ತಿಕೊಂಡು ಕೂತಿರುತ್ತದೆ. ಬ್ಯಾಟರಿ ಬಿಟ್ಟು ನೋಡಿ, ಗಾಜಿನ ಕೊಳವೆಯನ್ನು ಅದರ ಮೇಲಿಟ್ಟು, ರಬ್ಬರ್ ನಳಿಕೆಯಿಂದ ಬಾಯಲ್ಲಿ ಎಳೆದುಕೊಂಡು ಹಿಡಿಯಬೇಕು. ಆಮೇಲೆ ಒಂದೊಂದನ್ನೇ ಗಾಜಿನ ಪಟ್ಟಿಯ ಮೇಲೆ ಹಾಸಿ, ಗಂಟಲೊಳಗಿನ ಹಲ್ಲು ನೋಡಿ ಜಾತಿ ಗುರುತಿಸಬೇಕು. ನೇಕಾರರ ಮನೆಯಲ್ಲಿ ಹರಿದ ಎಳೆಗೆ ಗಂಟು ಹಾಕುತ್ತ ಬೆಳೆದ ಅವಳ ಬೆರಳಿಗೆ ಅದು ಕಷ್ಟವೆನಿಸಿರಲಿಲ್ಲ. ಶಿರಹಟ್ಟಿ, ಲಕ್ಷ್ಮೇಶ್ವರ ಸೀಮೆಯ ಹಳ್ಳಿಗಳಲ್ಲಿ ಮೂರು ಬಗೆ, ಹೆಚ್ಚೆಂದರೆ ನಾಲ್ಕು. ಈ ಗೋಡೆಯೊಂದರಲ್ಲೇ ಏಳು. ಹಲ್ಲಿಯ ರಕ್ತ ಹೀರುವವು, ದನದ ರಕ್ತ ಹೀರುವವು, ಮನುಷ್ಯರನ್ನೇ ಹುಡುಕಿಕೊಂಡು ಬರುವವು. ಸಮೀಕ್ಷೆಯ ಮೇಲಧಿಕಾರಿ ಸುನಿಲಕುಮಾರ ಅವಳ ಬೆನ್ನು ತಟ್ಟಿ, ನಾಗರ ಪಂಚಮಿಯ ಹೊತ್ತಿಗೆ ಲೆಕ್ಕ ಮುಗಿಯುವವರೆಗೂ ಆ ಜಾಗ ಇದ್ದ ಹಾಗೇ ಇರಬೇಕು ಎಂದಿದ್ದ.

"ಆಯಿ, ಪಂಚಮಿ ತನಕಾ ತಡೀರಿ. ಈಗ ಮೆತ್ತಿದ್ರ ನನ್ನ ಕೆಲಸ ಎಲ್ಲಾ ಕೆಡತೈತಿ."

ಸಾವಂತ್ರೆವ್ವ ಕೆಸರಿನಲ್ಲೇ ನಿಂತು ನಕ್ಕಳು. "ನುಸಿ ಎಣಸಾಕ ಗ್ವಾಡಿ ಬಿರುಕು ಬಿಟ್ಟಿರಬೇಕೇನು? ಆತು ಬಿಡವಾ. ಓದಿದಾಕಿ ನೀ, ನಿನಗ ಗೊತ್ತಿರತೈತಿ."

ತುಳಿದ ಮಣ್ಣನ್ನು ಆಕೆ ದನದ ಗೋದಲಿಗೆ ಬಳಸಿದಳು.

ಜೂನ್ ಕೊನೆಗೆ ಲೆಕ್ಕ ತಿರುಗಿತು. ಹಲ್ಲಿಯ ರಕ್ತದವು ಕಡಿಮೆಯಾಗಿ, ಮನುಷ್ಯರನ್ನು ಕಚ್ಚುವ ಎರಡು ಬಗೆಗಳು ಮೂರು ಪಟ್ಟು ಹೆಚ್ಚಿದ್ದವು. ಹೆಣ್ಣು ಹುಳಗಳ ಹೊಟ್ಟೆ ರಕ್ತ ಕುಡಿದು ಕೆಂಪಗೆ ಉಬ್ಬಿತ್ತು. ಆ ಗೋಡೆಯ ಪಕ್ಕದಲ್ಲಿ ಮಲಗುತ್ತಿದ್ದವರು ಇಬ್ಬರೇ, ಸಾವಂತ್ರೆವ್ವ ಮತ್ತು ಅವಳ ಐದು ವರ್ಷದ ಮೊಮ್ಮಗ ವೀರು. ರೋಹಿಣಿ ಸುನಿಲಕುಮಾರನಿಗೆ ಫೋನ್ ಮಾಡಿದಳು.

"ಸರ್, ಅಲ್ಲಿ ಔಷಧ ಹೊಡಸಬೇಕ್ರಿ. ಸಣ್ಣ ಕೂಸೈತಿ."

"ಸಿಂಪಡಣೆ ನಮ್ಮ ಕೈಯಾಗಿಲ್ಲ ರೋಹಿಣಿ. ಪತ್ರ ಬರದೀನಿ. ಹುಳ ಇದ್ದ ಮಾತ್ರಕ್ಕ ರೋಗ ಐತಿ ಅಂತಲ್ಲ. ಊರಾಗ ಗಾಬರಿ ಎಬ್ಬಿಸಬ್ಯಾಡ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದನ್ನೇ ಹಿಡಿದುಕೊಂಡು ರೋಹಿಣಿ ಸುಮ್ಮನಾದಳು. ಮುಂದಿನ ಸಲ ಹೋದಾಗ ಮಗುವಿಗೆ ಪರದೆ ಕಟ್ಟಿರಿ ಎಂದಷ್ಟೇ ಹೇಳಿದಳು. ಪೇಟೆಯ ಸೊಳ್ಳೆ ಪರದೆಯ ಕಣ್ಣಲ್ಲಿ ಈ ಹುಳ ಸಲೀಸಾಗಿ ನುಗ್ಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗೋಡೆ ಮೆತ್ತಿ ಬಿಡಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಇನ್ನು ಮೂರೇ ಸಲದ ಲೆಕ್ಕ ಬಾಕಿ ಇತ್ತು. ಮಾತು ನುಂಗಿಕೊಂಡಳು.

ಜುಲೈ ನಡುವಿನಲ್ಲಿ ಅವಳು ಹೋದಾಗ ಮನೆಗೆ ಬೀಗ. ಪಕ್ಕದ ಮನೆಯ ಯಮನೂರಪ್ಪ ಕಟ್ಟೆಯ ಮೇಲಿಂದ ಎದ್ದು ಬಂದ.

"ನಿನ್ನಿ ಸಂಜೀಕ ಹುಡುಗಗ ಜ್ವರ ಬಂದ್ವು ಬಾಯಾರ. ಬೆಳಕು ಹರಿಯೂದ್ರಾಗ ಕೈಕಾಲು ಸೆಟದು, ಕಣ್ಣು ಮ್ಯಾಲ ಮಾಡಿದಾ. ಗದಗಿಗೆ ಒಯ್ದಾರ್ರಿ."

ಆಸ್ಪತ್ರೆಯ ಪಡಸಾಲೆಯಲ್ಲಿ ಸಾವಂತ್ರೆವ್ವ ನೆಲದ ಮೇಲೆ ಕೂತಿದ್ದಳು. ರೋಹಿಣಿಯನ್ನು ಕಂಡದ್ದೇ ಎದ್ದು ಅವಳ ಎರಡೂ ಕೈ ಹಿಡಿದುಕೊಂಡಳು. "ಬಂದ್ಯಾ ನಮ್ಮವ್ವಾ! ನಾವು ಹೇಳಿದ್ರ ಅವರಿಗೆ ತಿಳಿಯಂಗಿಲ್ಲ. ನೀ ಓದಿದಾಕಿ, ಡಾಕ್ಟರಿಗೆ ನೀ ಹೇಳು."

ರೋಹಿಣಿ ಒಳಗೆ ಹೋಗಿ ಹೇಳಿದಳು. ಮರಳು ನೊಣ ಕಚ್ಚಿದೆ, ಅದು ತರುವ, ಮಕ್ಕಳ ಮೆದುಳಿಗೇರುವ ಚಂಡೀಪುರ ವೈರಸ್ ಇರಬಹುದು. ಡಾಕ್ಟರು ತಲೆಯಾಡಿಸಿ, "ನನಗೂ ಅದೇ ಅನುಮಾನ. ಇದಕ್ಕ ಔಷಧ ಇಲ್ಲ, ಗೊತ್ತಲ್ಲಾ" ಎಂದರು. ಮಧ್ಯಾಹ್ನ ಹನ್ನೆರಡೂವರೆಗೆ ವೀರು ಹೋದ. ಜ್ವರ ಬಂದು ಇಪ್ಪತ್ತು ತಾಸೂ ಆಗಿರಲಿಲ್ಲ.

ಮೂರನೆಯ ದಿನ ಊರಿಗೆಲ್ಲ ಔಷಧ ಹೊಡೆಯುವ ತಂಡ ಬಂತು. ಅದಕ್ಕೂ ಮುಂಚೆ ಪರೀಕ್ಷೆಗೆ ಹುಳ ಬೇಕೆಂದು ರೋಹಿಣಿಯನ್ನೇ ಕಳಿಸಿದರು. ಮಗುವಿನ ತಾಯಿ ಶಾರದವ್ವ ಮೂಲೆಯಲ್ಲಿ ಮುಸುಕು ಹಾಕಿಕೊಂಡು ಮಲಗಿದ್ದಳು. ವೀರುವಿನ ಚಾಪೆ ಇನ್ನೂ ಸುತ್ತಿ ಗೋಡೆಗೇ ಆನಿಸಿತ್ತು. ಅದನ್ನು ಸರಿಸಿ, ಮೊಣಕಾಲೂರಿ, ರೋಹಿಣಿ ಬಿರುಕುಗಳಿಂದ ನಲವತ್ತೆರಡು ಹುಳ ಹಿಡಿದಳು.

ಪುಣೆಯ ಪ್ರಯೋಗಾಲಯದಿಂದ ಉತ್ತರ ಬರಲು ಎರಡು ವಾರ ಹಿಡಿಯಿತು. ಮಗುವಿನ ರಕ್ತದಲ್ಲೂ ಗೋಡೆಯ ಹುಳದಲ್ಲೂ ಅದೇ ವೈರಸ್. ಸುನಿಲಕುಮಾರ ದನಿ ತಗ್ಗಿಸಿ, "ನಿನ್ನ ಆರು ತಿಂಗಳ ಲೆಕ್ಕಕ್ಕ ಈಗ ಭಾಳ ಬೆಲೆ ಬಂತು" ಎಂದ. ರೋಹಿಣಿ ಫೋನ್ ಕೆಳಗಿಟ್ಟಳು. ಆ ದಿನ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಕೊಳವೆ, ಡಬ್ಬಿ ಏನೂ ತೆಗೆದುಕೊಳ್ಳದೆ ಡೋಣಿಗೆ ಹೋದಳು.

ಸಾವಂತ್ರೆವ್ವ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ರೋಹಿಣಿ ಎದುರಿಗೆ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಹುಳ ಎಲ್ಲಿತ್ತು, ಯಾವಾಗ ಹೆಚ್ಚಾಯಿತು, ತಾನು ತಡೆಯಿರಿ ಎಂದದ್ದು ಯಾಕೆ. ಮುದುಕಿಯ ಕೈ ಮೊರದ ಮೇಲೆ ನಿಂತಿತು.

"ನಿನಗ ಗೊತ್ತಿತ್ತೇನು?"

"ಪೂರಾ ಗೊತ್ತಿರಲಿಲ್ಲ ಆಯಿ. ಅರ್ಧಾ ಗೊತ್ತಿತ್ತು."

"ಆ ಅರ್ಧಾನ ನನಗ ಹೇಳಿದ್ರ ಸಾಕಿತ್ತಲ್ಲವಾ." ಸಾವಂತ್ರೆವ್ವನ ದನಿ ಏರಲಿಲ್ಲ. "ನಾ ಕೂಸಿನ್ನ ಹೊರಗ ಕಟ್ಟಿ ಮ್ಯಾಲ ಹಾಕ್ಕೊಂಡು ಮಲಗತಿದ್ದೆ."

ಮೊರ ಎತ್ತಿಕೊಂಡು ಒಳಗೆ ಹೋದಳು. ರೋಹಿಣಿ ಬಿಸಿಲೇರುವವರೆಗೂ ಅಂಗಳದಲ್ಲೇ ಕೂತಿದ್ದಳು.

ಗುಡ್ಡದ ಮೇಲಿನ ಗಾಳಿಯಂತ್ರಗಳ ಕಾವಲು ಮುಗಿಸಿ ಮಗುವಿನ ತಂದೆ ಪಾಂಡಪ್ಪ ಆಗ ತಾನೇ ಬಂದ. ಅವನಿಗೆ ಏನೂ ಗೊತ್ತಿರಲಿಲ್ಲ.

"ಬಿಸಲಾಗ ಯಾಕ ಕುಂತೀರಿ ಬಾಯಾರ?" ಎಂದು ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದು ಅವಳ ಮುಂದೆ ಹಿಡಿದ. "ಅವತ್ತ ದವಾಖಾನಿಗೆ ನೀವೊಬ್ರ ಓಡಿ ಬಂದಿದ್ರಿ. ನಾವು ಮರಿಯಂಗಿಲ್ಲ. ಕುಡೀರಿ."

ರೋಹಿಣಿ ಬಾಯಿ ತೆರೆದಳು. ಎರಡನೆಯ ಸಲ ಹೇಳಲು ಅವಳಲ್ಲಿ ದನಿ ಉಳಿದಿರಲಿಲ್ಲ. ತಂಬಿಗೆ ಇಸಿದುಕೊಂಡು, ಅವನು ನೋಡುತ್ತಿರುವಂತೆಯೇ, ನೀರು ಕುಡಿದಳು.