ಇಲ್ಲಿ ಚಿತ್ರವಿದೆ

ನಾನು ಕಣ್ಣು ಕಾಣದವರಿಗಾಗಿ ಅಕ್ಷರ ಒತ್ತುವ ಯಂತ್ರ. ಬ್ರೈಲ್ ಯಂತ್ರ ಎನ್ನುತ್ತಾರೆ. ಅಕ್ಷರಕ್ಕೆ ನನಗಿರುವುದು ಆರು ಕೀಲಿಗಳು, ನಡುವೆ ಪದ ಬಿಡಿಸಲು ಉದ್ದನೆಯದೊಂದು. ಒತ್ತಿದರೆ ದಪ್ಪ ಕಾಗದದ ಮೇಲೆ ಚುಕ್ಕಿಗಳು ಉಬ್ಬುತ್ತವೆ. ಸಾಲು ಮುಗಿಯುತ್ತ ಬಂದಾಗ ಗಂಟೆ ಹೊಡೆಯುತ್ತೇನೆ. ನನಗೆ ಬರುವುದು ಇಷ್ಟೇ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ನನ್ನನ್ನು ಜೋಡಿಸಿದವರ ನೆನಪಿಲ್ಲ. ಹಡಗಿನಲ್ಲಿ ಬಂದೆ, ಲಾರಿಯಲ್ಲಿ ಬಂದೆ, ಕೊನೆಗೆ ಗದಗಿನ ಅಂಧ ಹೆಣ್ಣುಮಕ್ಕಳ ಶಾಲೆಯ ಮೇಜಿನ ಮೇಲೆ ಕೂತೆ. ಮೊದಲು ಮುಟ್ಟಿದವರು ಮೌನೇಶ ಮಾಸ್ತರರು. ಅವರಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ನನ್ನ ಮೈಮೇಲೆಲ್ಲ ಬೆರಳಾಡಿಸಿ, "ಕಬ್ಬಿಣ ಗಟ್ಟಿ ಐತಿ. ನಾವು ಹೋದ್ರೂ ಇದು ಇರ್ತೈತಿ" ಅಂದರು.

ಪಠ್ಯಪುಸ್ತಕಗಳನ್ನು ಬ್ರೈಲ್‌ಗೆ ಇಳಿಸುವುದು ನಮ್ಮ ಕೆಲಸ. ಪುಸ್ತಕ ಓದಿ ಹೇಳಲು ಕಣ್ಣಿದ್ದವರೊಬ್ಬರು ಬೇಕಲ್ಲ, ಅದಕ್ಕೆ ಕಸ್ತೂರಿ ಅಕ್ಕೋರು ಬಂದರು. ಅವರು ಓದುವುದು, ಮೌನೇಶ ಮಾಸ್ತರರು ಒತ್ತುವುದು. ಅಕ್ಕೋರ ಗಂಡ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದ. ಕಂಬದ ಮೇಲೆ ಕೆಲಸ ಮಾಡುತ್ತಿದ್ದಾಗಲೇ ತೀರಿಕೊಂಡಿದ್ದ. ಆಮೇಲೆ ಅಕ್ಕೋರು ಅತ್ತದ್ದನ್ನು ಯಾರೂ ನೋಡಿಲ್ಲವೆಂದು ಅಡುಗೆಯವರು ಮಾತಾಡಿಕೊಳ್ಳುತ್ತಿದ್ದರು.

ಅಳುವುದಿರಲಿ, ಅವರ ದನಿ ಏರಿಳಿದದ್ದನ್ನೂ ನಾನು ಕೇಳಿರಲಿಲ್ಲ. ಪದ್ಯವನ್ನೂ ಬಸ್ಸಿನ ಬೋರ್ಡು ಓದಿದಂತೆ ಓದುತ್ತಿದ್ದರು. ಪುಟದಲ್ಲಿ ಚಿತ್ರ ಬಂದರೆ, "ಚಿತ್ರ ಐತಿ, ಬಿಡ್ರಿ" ಅನ್ನುವರು.

"ಏನ್ ಚಿತ್ರ ಐತ್ರಿ ಅಕ್ಕೋರ?" ಎಂದು ಮಾಸ್ತರರು ಮೊದಮೊದಲು ಕೇಳುತ್ತಿದ್ದರು.

"ಏನೋ ಒಂದು. ಮುಂದ ನಡೀರಿ."

ಆಮೇಲಾಮೇಲೆ ಅವರೂ ಕೇಳುವುದನ್ನು ಬಿಟ್ಟರು. 'ಇಲ್ಲಿ ಚಿತ್ರವಿದೆ' ಎಂದು ಒತ್ತಿ ಮುಂದೆ ಹೋಗುತ್ತಿದ್ದರು. ಆ ಎರಡು ಪದಗಳನ್ನು ನಾನು ಎಷ್ಟು ಸಲ ಉಬ್ಬಿಸಿದೆನೋ ಲೆಕ್ಕವಿಲ್ಲ.

ಹತ್ತನೆಯ ತರಗತಿಯಲ್ಲಿ ದ್ರಾಕ್ಷಾಯಣಿ ಎಂಬ ಹುಡುಗಿಯಿದ್ದಳು. ಇಳಕಲ್ ಕಡೆಯ ನೇಕಾರರ ಮಗಳು. ಒಂದು ದಿನ ಅವಳ ಬೆರಳು ವಿಜ್ಞಾನದ ಪುಸ್ತಕದಲ್ಲಿ ಒಂದು ಕಡೆ ನಿಂತಿತು. ಹಾಳೆ ಹಿಡಿದುಕೊಂಡೇ ನಮ್ಮ ಕೋಣೆಗೆ ಬಂದಳು.

"ಅಕ್ಕೋರ, ಇಲ್ಲಿ ಚಿತ್ರ ಐತಿ ಅಂತ ಐತ್ರಿ. ಏನ್ ಚಿತ್ರರೀ ಅದು?"

"ಪರೀಕ್ಷಾದಾಗ ಬರೂದಿಲ್ಲ. ಮುಂದ ಓದವಾ."

ಪರೀಕ್ಷೆಯಲ್ಲಿ ಅದೇ ಬಂತು. ಬೀದಿಯಿಂದ ಮನೆಯೊಳಗೆ ವಿದ್ಯುತ್ ಹೇಗೆ ಬರುತ್ತದೆ, ಭಾಗಗಳನ್ನು ವಿವರಿಸಿ ಎಂಬ ಪ್ರಶ್ನೆ. ಪುಸ್ತಕದಲ್ಲಿ ಉತ್ತರವೆಲ್ಲ ಆ ಚಿತ್ರದಲ್ಲೇ ಇತ್ತು. ದ್ರಾಕ್ಷಾಯಣಿ ಹೇಳಿದ್ದನ್ನು ಬರೆಯಲು ಜೊತೆಗೊಬ್ಬರನ್ನು ಕೊಟ್ಟಿದ್ದರು. ಆದರೆ ಹೇಳಲು ಅವಳ ಬಳಿ ಏನೂ ಇರಲಿಲ್ಲ. ಉಳಿದೆಲ್ಲ ವಿಷಯಗಳಲ್ಲಿ ಪಾಸಾದಳು, ವಿಜ್ಞಾನದಲ್ಲಿ ಮೂರು ಅಂಕ ಕಡಿಮೆ ಬಿದ್ದು ಫೇಲಾದಳು.

ಅವಳ ಅಪ್ಪ ಈರಪ್ಪ ಪೆಟ್ಟಿಗೆ ಒಯ್ಯಲು ಬಂದ. ಜಗಳವಾಡಲಿಲ್ಲ. "ಕಲತದ್ದು ಸಾಕ್ರಿ. ಇನ್ನ ಮನ್ಯಾಗ ಇರ್ಲಿ" ಅಂದ. ಹೊರಡುವ ಮುಂಚೆ ದ್ರಾಕ್ಷಾಯಣಿ ನಮ್ಮ ಬಾಗಿಲಿಗೆ ಬಂದು ನಿಂತಳು.

"ಅಕ್ಕೋರ, ಈಗರೆ ಹೇಳ್ರಿ. ಆ ಚಿತ್ರದಾಗ ಏನಿತ್ತು?"

ಕಸ್ತೂರಿ ಅಕ್ಕೋರು ಅವಳ ಕಡೆ ತಿರುಗಿದರು.

"ನಾನೂ ನೋಡಿಲ್ಲವಾ."

ಅದು ನಿಜ. ಚಿತ್ರ ಬಂದ ಕೂಡಲೇ ಅವರ ಕೈ ಪುಟ ತಿರುವುತ್ತಿತ್ತು. ಆ ದಿನ ಪುಸ್ತಕ ತೆಗೆದರು, ಆ ಪುಟ ಹುಡುಕಿದರು, ನೋಡಿದರು. ಹುಡುಗಿ ಕಾಯುತ್ತ ನಿಂತಿದ್ದಳು.

"ಒಂದು ಕಂಬ ಐತಿ" ಅಂದರು. ದನಿ ಎಂದಿನ ಹಾಗೇ ಇತ್ತು. "ಕಂಬದಿಂದ ಮನಿಗೆ ಎರಡು ತಂತಿ ಬಂದಾವು. ಒಂದರಾಗ ಕರೆಂಟ್ ಬರ್ತೈತಿ, ಒಂದರಾಗ ತಿರುಗಿ ಹೋಗ್ತೈತಿ. ಗ್ವಾಡಿ ಮ್ಯಾಲೆ ಮೀಟರ್ ಐತಿ. ಅದಕ್ಕೂ ಮೊದಲ ಫ್ಯೂಸ್. ಇನ್ನೊಂದು ತಂತಿ ಮನಿಯಿಂದ ನೆಲದಾಗ ಇಳದೈತಿ."

ಯಾರೂ ಹೇಳದೆಯೇ ಮೌನೇಶ ಮಾಸ್ತರರು ನನಗೆ ಕಾಗದ ಏರಿಸಿ ಒತ್ತತೊಡಗಿದ್ದರು. ಅಕ್ಕೋರು ನಿಲ್ಲಿಸಲಿಲ್ಲ.

"ಕಂಬದ ಮ್ಯಾಲೆ ಒಬ್ಬಾಂವ ಇದ್ದಾನ. ಕಾಲಾಗ ಚಪ್ಪಲಿ ಇಲ್ಲ. ಖಾಕಿ ಅಂಗಿ, ಎಡಗಡೆ ಕಿಸೆ ಹರದೈತಿ. ಹೊಲದು ಕೊಡ್ತೀನಿ ಅಂದ್ರ, ಸಂಜಿಕೆ ಬಂದು ಕೊಡ್ತೀನಿ ಅಂತಾನ."

ನನ್ನ ಗಂಟೆ ಹೊಡೆಯಿತು. ಮಾಸ್ತರರು ಸಾಲು ಬದಲಿಸಲಿಲ್ಲ.

"ಅಕ್ಕೋರ, ಇದೂ ಚಿತ್ರದಾಗ ಐತೇನ್ರಿ?"

"ಇಲ್ರಿ. ಚಿತ್ರದಾಗ ಮನಶ್ಯಾ ಇಲ್ಲ. ಬರೇ ಕಂಬ ಐತಿ."

"ಹಂಗಾದ್ರ ತಗೀಲೇನ್ರಿ?"

"ತಗೀರಿ. ಮಕ್ಕಳಿಗೆ ಅದು ಬೇಕಾಗಿಲ್ಲ."

ಮಾಸ್ತರರು ಕಡೆಯ ಸಾಲುಗಳ ಚುಕ್ಕಿಗಳನ್ನು ಉಗುರಿನಿಂದ ತಿಕ್ಕಿ ಒಂದೊಂದಾಗಿ ಅಳಿಸಿದರು. ಅಕ್ಕೋರು ಕಿಟಕಿಯ ಕಡೆ ತಿರುಗಿ ಕೂತರು. ಅಳಲಿಲ್ಲ.

ನಂತರ ಇಬ್ಬರೂ ಸೇರಿ ಹಾಳೆಯ ಮೇಲೆ ಅಂಟು ಹಚ್ಚಿ, ಬೆರಳಿಗೆ ಸಿಗುವಂಥ ಚಿತ್ರ ಮಾಡಿದರು. ಕಡ್ಡಿ ಕಂಬವಾಯಿತು, ಅಂಗಿಯ ಗುಂಡಿ ಮೀಟರಾಯಿತು. ತಂತಿಗೆ ಹಚ್ಚಿದ ದಾರ ಮಾತ್ರ ಜೋಲು ಬೀಳುತ್ತಿತ್ತು. ಬಾಗಿಲ ಬಳಿ ಪೆಟ್ಟಿಗೆಯ ಮೇಲೆ ಕೂತಿದ್ದ ಈರಪ್ಪ ಅಷ್ಟು ಹೊತ್ತೂ ನೋಡುತ್ತಿದ್ದ. ಎದ್ದು ಬಂದು, ದಾರವನ್ನು ಅಂಟಿನಲ್ಲಿ ಎಳೆದು ಬಿಗಿಯಾಗಿ ಕೂರಿಸಿದ. ಮಗಳ ಬೆರಳು ಹಿಡಿದು ಕಂಬದಿಂದ ಮೀಟರಿನ ತನಕ ನಡೆಸಿದ.

"ತಿಳೀತೇನವಾ?"

"ತಿಳೀತಪಾ. ಇಷ್ಟೇ ಏನು ಇದು?" ಅಂದಳು ದ್ರಾಕ್ಷಾಯಣಿ. ಬಿಟ್ಟು ಬಂದ ಪ್ರಶ್ನೆಯ ಉತ್ತರ ಅಷ್ಟು ಸಣ್ಣದಾಗಿತ್ತು.

ಈರಪ್ಪ ಮಗಳನ್ನು ಕರೆದುಕೊಂಡು ಹೋದ. ಆದರೆ ಪುಸ್ತಕದಲ್ಲಿದ್ದ ಉಳಿದ ಚಿತ್ರಗಳನ್ನೂ ಮಾಡಿ ಕಳಿಸಿದರೆ ಮರುಪರೀಕ್ಷೆಗೆ ಕೂರಿಸುತ್ತೇನೆ ಎಂದು ಹೇಳಿ ಹೋದ. ಅಕ್ಕೋರು, ಮಾಸ್ತರರು ರಜೆ ಬಿಟ್ಟು ಕೂತರು. ಹೃದಯ, ಕಣ್ಣು, ಹೂವಿನ ಒಳಭಾಗ ಎಲ್ಲ ಮಾಡಿದರು. ಅಕ್ಕೋರೇ ಬಸ್ಸು ಹತ್ತಿ ಕೊಟ್ಟು ಬಂದರು. ದ್ರಾಕ್ಷಾಯಣಿ ಪಾಸಾದಳು. ಮುಂದೆ ಕಾಲೇಜಿಗೆ ಹೋದಳೆಂದು ಕೇಳಿದೆ. ನಮ್ಮ ಕೋಣೆಗೆ ಮತ್ತೆ ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ.

ವರ್ಷಗಳು ಹೋದವು. ಕಂಪ್ಯೂಟರ್ ಬಂತು, ತಾನೇ ಚುಕ್ಕಿ ಒತ್ತುವ ದೊಡ್ಡ ಯಂತ್ರ ಬಂತು. ನನ್ನ ಮೂರನೆಯ ಕೀಲಿ ಒತ್ತಿದರೆ ಮೇಲೇಳುವುದಿಲ್ಲ. ರಿಪೇರಿ ಮಾಡುವವರು ಸಿಗಲಿಲ್ಲ. ಬೀರುವಿನ ಪಕ್ಕ, ಹಳೆಯ ಪುಸ್ತಕಗಳ ನಡುವೆ ನನ್ನನ್ನು ಇಟ್ಟರು. ಧೂಳು ಕೂತಿದೆ. ಬೇಸರವೇನೂ ಇಲ್ಲ.

ಕಸ್ತೂರಿ ಅಕ್ಕೋರಿಗೆ ಈಗ ವಯಸ್ಸಾಗಿದೆ, ಕಣ್ಣಿಗೆ ಪೊರೆ ಬಂದಿದೆ. ಅವರು ಒತ್ತಿಸಿದ ಪುಸ್ತಕಗಳಿಗೆ ಲೆಕ್ಕವಿಲ್ಲ, ಆದರೆ ಒಂದನ್ನೂ ಬೆರಳಿನಿಂದ ಓದಿದವರಲ್ಲ. ಮೊನ್ನೆ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು, ಹಳೆಯ ಹಾಳೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಮೌನೇಶ ಮಾಸ್ತರರು ಎದುರು ಕೂತಿದ್ದರು.

"ಏನೂ ತಿಳೀವಲ್ದ್ರಿ. ಬೆರಳು ಜೋಮು ಹಿಡದಂಗ ಆಗೈತಿ."

"ಒತ್ತಬ್ಯಾಡ್ರಿ. ಬರೇ ಮುಟ್ರಿ."

ಅಕ್ಕೋರ ಬೆರಳು ಸಾಲಿನ ಮೇಲೆ ನಿಧಾನವಾಗಿ ಸರಿಯಿತು, ನಿಂತಿತು, ಹಿಂದೆ ಬಂತು.

"ಇದು 'ಕ' ಏನ್ರಿ?"

ಮಾಸ್ತರರು ಕೈ ಚಾಚಿ ಅದೇ ಜಾಗವನ್ನು ಮುಟ್ಟಿ ನೋಡಿದರು.

"ಅಲ್ರಿ. 'ಬ' ಐತಿ. ಆದ್ರ ಅಲ್ಲೇನೋ ಐತಿ ಅಂತ ಗೊತ್ತಾತಲ್ಲ?"

"ಹೂಂ" ಅಂದರು ಅಕ್ಕೋರು. "ಗೊತ್ತಾತು."